ಲೀಲಾಳೇ ಮಾತಾಡಿದಳು

ಲೀಲಾಳ ಮಗಳು ಅಪೂರ್ವಾಳನ್ನು ಬೇರೆಡೆ ಸೇರಿಸಿ ಎಂದು ಶಾಲೆಯವರು ಹೇಳಿಬಿಟ್ಟಾಗ, ಲೀಲಾ ಫೋನ್ ಮಾಡಿದ್ದು ದೆಹಲಿಯಲ್ಲೇ, ವಸಂತ್ ಕುಂಜ್‌ನಲ್ಲಿದ್ದ ಪೊನ್ನಮ್ಮನಿಗೆ. ಅಪೂರ್ವಾಳಂತೆಯೇ ಆಟಿಸಂ ಇರುವ ತನ್ನ ಮಗನಿಗಾಗಿ ಶಾಲೆಯೊಡನೆ ಹೋರಾಡಿ ಗೆದ್ದಿದ್ದ ಪೊನ್ನಮ್ಮ, ಈಗ ಬೇರೆ ತಾಯಂದಿರ ಬೆನ್ನಿಗೆ ನಿಲ್ಲುತ್ತಿದ್ದಳು.

"ಅಕ್ಕಾ, ನೀವೇ ಮಾತಾಡಿಬಿಡಿ. ನನ್ನ ಹಿಂದಿ ಕೇಳಿದ್ರೆ ನಗ್ತಾರೆ," ಎಂದಳು ಲೀಲಾ, ಶಾಲೆಗೆ ಹೋಗುವ ಆಟೋದಲ್ಲಿ.

"ನಗಲಿ ಬಿಡು. ನಿನ್ನ ಮಗಳು ನಿನಗೆ ಗೊತ್ತಿರೋ ಹಾಗೆ ನನಗೆ ಗೊತ್ತಾ? ಕಾನೂನಿನ ಮಾತು ಬಂದ್ರೆ ನಾನಿದೀನಿ."

"ನಿಮ್ಮ ಮಗಳು ಕ್ಲಾಸಿನಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಾಳೆ, ಏನೂ ಕಲಿಯುವುದಿಲ್ಲ," ಎಂದರು ಪ್ರಿನ್ಸಿಪಾಲರು, ತಮ್ಮ ಕೋಣೆಯಲ್ಲಿ ಎದುರು ಕುಳಿತ ಲೀಲಾಳಿಗೆ. ಉತ್ತರ ಪೊನ್ನಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಕಷ್ಟಪಟ್ಟು ತಡೆದುಕೊಂಡಳು. ಲೀಲಾ ತನ್ನ ಹಿಂದಿಯಲ್ಲಿ ತಡವರಿಸುತ್ತಲೇ ಶುರುಮಾಡಿದಳು.

"ಗದ್ದಲಕ್ಕೆ ಕಿವಿ ಮುಚ್ಚುತ್ತಾಳೆ, ಮೇಡಂ. ಮನೆಯಲ್ಲಿ ಚಿತ್ರ ತೋರಿಸಿದರೆ ಪಾಠವನ್ನೆಲ್ಲ ಒಪ್ಪಿಸುತ್ತಾಳೆ. ಅವಳಿಗೆ ಬೇಕಿರುವುದು ವಿಶೇಷ ಶಿಕ್ಷಕಿ, ಬೇರೆ ಶಾಲೆಯಲ್ಲ."

"ಕೊಡಲೇಬೇಕೆಂದು ಎಲ್ಲಿದೆ?"

"ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ," ಎಂದಳು ಪೊನ್ನಮ್ಮ, ಮೆಲ್ಲಗೆ.

ಪ್ರಿನ್ಸಿಪಾಲರು ಅಪೂರ್ವಾಳ ಫೈಲು ತೆಗೆದು ಏನೋ ಬರೆದುಕೊಂಡು, ಸೋಮವಾರದಿಂದಲೇ ವಿಶೇಷ ಶಿಕ್ಷಕಿ ಅಪೂರ್ವಾಳ ಪಕ್ಕದಲ್ಲಿರುತ್ತಾರೆ ಎಂದರು.

ಗೇಟಿನಾಚೆ ಬಂದ ಮೇಲೆ ಲೀಲಾ ಕಣ್ಣೊರೆಸಿಕೊಂಡು ನಕ್ಕಳು. ಪೊನ್ನಮ್ಮನಿಗೆ ತಾನು ಮಾತಾಡಿ ಗೆದ್ದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

"ಸರಿ, ಮುಂದಿನ ವಾರ ನನ್ನ ಜೊತೆ ಲಕ್ಷ್ಮೀ ನಗರಕ್ಕೆ ಬಾ. ಅಲ್ಲೊಬ್ಬ ತಾಯಿ ಶಾಲೆಯವರ ಜೊತೆ ಮಾತಾಡೋಕೆ ತುಂಬ ಹೆದರಿದ್ದಾಳೆ."

"ಎಷ್ಟು ಹೊತ್ತಿಗೆ ಬರಲಿ?" ಎಂದಳು ಲೀಲಾ.