ಒಂದೇ ಪ್ರಶ್ನೆಯ ಕಂಪ್ಯೂಟರ್

ಇಳಕಲ್ಲಿನ ಸಂಗಯ್ಯನವರ ಸೀರೆ ಅಂಗಡಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರಲ್ಲಿ. ಅದರ ಬೆನ್ನಿಗೇ ಇಂಜಿನಿಯರ್ ಹೊಳಬಸಪ್ಪನೂ ಬಂದ. ಬಣ್ಣ ಯಾವುದು, ದಡಿ ಎಷ್ಟಗಲ, ಸೆರಗು ಎಂಥದು, ನೂಲೋ ರೇಷ್ಮೆಯೋ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅವನು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಗಿರಾಕಿ ಉತ್ತರ ಕೊಟ್ಟರೆ ಸೀರೆ ಯಾವ ಕಪಾಟಿನಲ್ಲಿದೆಯೆಂದು ಯಂತ್ರ ತಟ್ಟನೆ ಹೇಳಬೇಕು. ಅವನು ಬರೆದ ಪ್ರೋಗ್ರಾಮಿನಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪೆಲ್ಲ ಗಿರಾಕಿಗಳದ್ದು ಎಂಬುದು ಅವನ ಗಟ್ಟಿ ನಂಬಿಕೆ.

ಐಹೊಳೆಯ ರಂಗವ್ವ ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಳು.

“ಯಾವ ಬಣ್ಣ ಬೇಕ್ರಿ, ಯವ್ವಾ?”

“ಉಟ್ರ ಚಂದ ಕಾಣಬೇಕು ನೋಡಪಾ.”

“ದಡಿ?”

“ಭಾಳ ದೊಡ್ಡದು ಬ್ಯಾಡ. ಸಣ್ಣದಂತೂ ಬ್ಯಾಡೇ ಬ್ಯಾಡ.”

ಇದು ಉತ್ತರವಲ್ಲವೆಂದು ಯಂತ್ರ ಕುಂಯ್ ಎಂದಿತು.

“ಇದು ನಮ್ಮತ್ತಿ ಇದ್ದಂಗ ಐತಿ. ಏನ್ ಹೇಳಿದ್ರೂ ತಪ್ಪು ತಗೀತೈತಿ,” ಎಂದು ರಂಗವ್ವ ಎದ್ದು ಎದುರಿನ ಅಂಗಡಿಗೆ ಹೋದಳು.

ಸಂಗಯ್ಯನವರು ನಶ್ಯ ಏರಿಸುತ್ತ ಹೇಳಿದರು: “ತಮ್ಮಾ, ಅಮಾಸಿ ತನಕಾ ನೋಡ್ತೇನಿ. ಆಮ್ಯಾಗ ಈ ಡಬ್ಬಿ ವಾಪಸ್. ಅದರ ಜೋಡಿ ನೀನೂ.”

ಹುನಗುಂದದ ಶಿವಲಿಂಗವ್ವನನ್ನು ಹೊಳಬಸಪ್ಪನಿಗೆ ಕೊಡಲು ಅವಳ ಮನೆಯವರು ಒಪ್ಪಿದ್ದು ‘ಕಂಪ್ಯೂಟರ್ ಇಂಜಿನಿಯರ್’ ಎಂಬ ಮಾತಿಗೆ. ನೌಕರಿ ಹೋದರೆ ಹುಡುಗಿಯೂ ಹೋದಂತೆ. ಅವಳನ್ನು ನೋಡಿದ್ದು ಒಮ್ಮೆ ಮಾತ್ರ. ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದ.

ಮರುದಿನ ಯಂತ್ರಕ್ಕೆ ಮುಸುಕು ಹಾಕಿ ಗಾದಿಯ ಮೂಲೆಯಲ್ಲಿ ಕೂತು ಬರೀ ಕಿವಿಗೊಟ್ಟ. ಹೆಂಗಸರು ಬಣ್ಣದ ಹೆಸರು ಹೇಳುವುದೇ ಅಪರೂಪ. “ನಮ್ಮ ನೆಗೆಣ್ಣಿ ಜಾತ್ರಿಗೆ ಉಟ್ಟಿದ್ಲಲ್ಲ, ಅಂಥಾದ್ದು. ಆದ್ರ ಅದಕ್ಕಿಂತ ಒಂದು ಕೈ ಮ್ಯಾಲಿರಬೇಕು.” ಒಬ್ಬಳಿಗೆ ನೆಗೆಣ್ಣಿ, ಅಂದರೆ ಓರಗಿತ್ತಿ, ಇನ್ನೊಬ್ಬಳಿಗೆ ನಾದಿನಿ, ಮತ್ತೊಬ್ಬಳಿಗೆ ಮಗ್ಗಲು ಮನೆಯವಳು. ಹೊಳಬಸಪ್ಪನಿಗೆ ಒಳಗೊಳಗೇ ನಗು ಬಂತು.

ಹಳೆಯ ಪ್ರಶ್ನೆಗಳನ್ನೆಲ್ಲ ಕಿತ್ತೆಸೆದು ಒಂದೇ ಒಂದನ್ನು ಇಟ್ಟ: ಯಾರ ಸೀರೆಗಿಂತ ಚಲೋದು ಬೇಕು? ಯಾರು ಏನು ಒಯ್ದಿದ್ದಾರೆಂಬುದನ್ನು ಸಂಗಯ್ಯನವರಿಂದಲೇ ಕೇಳಿ ಯಂತ್ರಕ್ಕೆ ತುಂಬಿದ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಒಬ್ಬ ನೆಗೆಣ್ಣಿ ಒಯ್ದ ವಾರಕ್ಕೇ ಇನ್ನೊಬ್ಬ ನೆಗೆಣ್ಣಿ ಬರುತ್ತಿದ್ದಳು. ಗಂಡಂದಿರು ಅವನನ್ನು ಮನಸಾರೆ ಶಪಿಸಿದರು, ಸಂಗಯ್ಯನವರು ಪೇಢೆ ತಿನ್ನಿಸಿದರು. ಅಮಾವಾಸ್ಯೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಹೆಣ್ಣುಮಕ್ಕಳ ಮನಸ್ಸು ತನ್ನಷ್ಟು ತಿಳಿದವನು ಜಿಲ್ಲೆಯಲ್ಲೇ ಇಲ್ಲವೆಂದು ಹೊಳಬಸಪ್ಪ ಬೀಗಿದ.

ಆಗ ನಿಶ್ಚಯದ ಸೀರೆಗೆಂದು ಶಿವಲಿಂಗವ್ವ ತಾಯಿಯೊಡನೆ ಬಂದಳು. ಅವನು ಕಾಲರು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತ.

“ಯಾರ ಸೀರಿಗಿಂತ ಚಲೋದು ಬೇಕ್ರಿ?”

“ಯಾರದಕ್ಕಿಂತನೂ ಬ್ಯಾಡ್ರಿ. ನನಗ ಹಿಡಿಸೋದು ಬೇಕು.”

ಗಾದಿಯ ಮೇಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಹೊಳಬಸಪ್ಪ ಕೀಲಿಗಳ ಮೇಲೆ ಬೆರಳಾಡಿಸಿದ. ಆ ಉತ್ತರ ಹಾಕಲು ಅವನು ಜಾಗವನ್ನೇ ಮಾಡಿರಲಿಲ್ಲ.

“ಅದಕ್ಕ ಅಷ್ಟು ತಿಳಿಯಂಗಿಲ್ರಿ,” ಎಂದ ಮೆಲ್ಲಗೆ.

“ಅದರದು ಬಿಡ್ರಿ,” ಎಂದಳು ಶಿವಲಿಂಗವ್ವ. “ಮಾಡಿದವರಿಗೆ?”

ತಾಯಿ ಮಗಳ ಮೊಣಕೈ ಚಿವುಟಿದಳು. ಸಂಗಯ್ಯನವರು ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡಿದರು. ಹೊಳಬಸಪ್ಪ ಕಿವಿಯ ತನಕ ಕೆಂಪಾದ. ಆದರೂ ಕುರ್ಚಿ ಬಿಟ್ಟಿಳಿದು, ಗಾದಿಯ ಮೇಲೆ ಅವಳೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

“ನನಗೂ ಗೊತ್ತಿಲ್ರಿ. ನೀವ ಹೇಳ್ರಿ.”

“ಹೇಳಾಕ ಹೊತ್ತು ಹಿಡೀತೈತ್ರಿ,” ಎಂದಳು ಅವಳು.

“ಹಿಡೀಲ್ರಿ,” ಎಂದ ಹೊಳಬಸಪ್ಪ.