ಕೃಷ್ಣವ್ವ ಹಾಸಿದ ಕಂಬಳಿ

ಕೃಷ್ಣವ್ವನಿಗೆ ಯಾರಾದರೂ ‘ಬೇಡ’ ಅಂದರೆ ಸಾಕು, ಅದನ್ನೇ ಮಾಡುವ ಚಾಳಿ. ದೀಕ್ಷಾಸ್ನಾನದ ದಿನ ಪಾದ್ರಿಗಳು ಮಾರ್ಥಾ ಎಂದು ಹೆಸರಿಡಲು ಹೋದಾಗ, “ನಮ್ಮವ್ವ ಇಟ್ಟ ಹೆಸರು ಸ್ವಾಮಿಗೆ ಕೇಳಸೂದಿಲ್ಲೇನು? ಅದರಲೇ ಕರೀಲಿ, ಓ ಅಂತೇನಿ” ಎಂದುಬಿಟ್ಟಿದ್ದಳು. ಕುರುಬರ ಹಟ್ಟಿಯಲ್ಲಿ ಹುಟ್ಟಿ, ಮಿರಜಿನ ಮಿಷನ್ ಆಸ್ಪತ್ರೆಯಲ್ಲಿ ಸಾವಿನ ಬಾಯಿಂದ ಪಾರಾಗಿ, ಅಲ್ಲೇ ಯೇಸುವನ್ನು ನಂಬಿದವಳು. ಈಗ ರೋಗಿಗಳ ಪಕ್ಕ ಕೂತು ಅವನ ಕಥೆ ಹೇಳುವುದೇ ಅವಳ ಕೆಲಸ. ಗಡಿ ಹಳ್ಳಿಯವರಿಗೆ ಕನ್ನಡದಲ್ಲಿ, ಉಳಿದವರಿಗೆ ಮರಾಠಿಯಲ್ಲಿ.

ಐವತ್ತಾರರ ನವೆಂಬರಿನಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿದರು. ಮಿರಜ, ಸುತ್ತಲಿನ ಕನ್ನಡದ ಹಳ್ಳಿಗಳ ಸಮೇತ, ಗೆರೆಯ ಮರಾಠಿ ಕಡೆಗೇ ಉಳಿಯಿತು. ಅದೇ ವಾರ ಚರ್ಚಿನ ಹಿರಿಯರಾದ ಬಾಳಾಸಾಹೇಬರು ಅಪ್ಪಣೆ ಹೊರಡಿಸಿದರು: ಇನ್ನು ಪ್ರಾರ್ಥನೆ, ಕಥೆ, ಹಾಡು ಎಲ್ಲ ಮರಾಠಿಯಲ್ಲೇ. ಒಪ್ಪದವರು ಕೆಲಸವನ್ನೂ ಚರ್ಚು ಕೊಟ್ಟ ಖೋಲಿಯನ್ನೂ ಬಿಡಬಹುದು. ಕೆಟ್ಟ ಮನುಷ್ಯರೇನಲ್ಲ ಅವರು. ಗಲಾಟೆಯ ಕಾಲ, ಕನ್ನಡ ಕೇಳಿ ಯಾರಾದರೂ ಕಲ್ಲು ತೂರಿಯಾರು ಎಂಬ ಪುಕ್ಕಲುತನ, ಅಷ್ಟೇ.

“ಸುಡ್ರಿ ನಿಮ್ಮ ಗೆರಿ! ನೋವಿಗೆ ಯಾವ ರಾಜ್ಯರಿ?” ಎಂದು ಕೃಷ್ಣವ್ವ ಅವರೆದುರಿನಿಂದ ಎದ್ದು ಬಂದಿದ್ದಳು.

ಮರುದಿನ ಬೆಳಗ್ಗೆ ಲಿಂಗನೂರಿನ ಸಿದರಾಯ ತನ್ನ ಹೆಂಡತಿ ಮಾಳವ್ವನನ್ನು ಆಸ್ಪತ್ರೆಯ ಗೇಟಿನ ಬಳಿ ಇಳಿಸಿ, ಹಿಂದಿರುಗಿಯೂ ನೋಡದೆ ಗಾಡಿ ಹೊಡೆದುಕೊಂಡು ಹೋದ. ಅವಳಿಗೆ ಕುಷ್ಠ, ಬೆರಳುಗಳು ಮೊಂಡಾಗತೊಡಗಿದ್ದವು. ಹೊರಡುವ ಮುಂಚೆ ಅವಳ ಕುರುಬರ ಹಟ್ಟಿಯವರು ಅವಳ ಕಂಬಳಿಯನ್ನು ಅವಳ ಕಣ್ಣೆದುರೇ ಸುಟ್ಟಿದ್ದರು. ಕುರುಬರು ದೇವರನ್ನು ಕೂರಿಸುವುದೂ ಕಂಬಳಿಯ ಮೇಲೆ, ಬೀಗರನ್ನು ಕೂರಿಸುವುದೂ ಕಂಬಳಿಯ ಮೇಲೆ. ಕಂಬಳಿ ಸುಟ್ಟರೆಂದರೆ ಇವಳು ನಮ್ಮವಳಲ್ಲ ಎಂದಂತೆಯೇ.

ಬರಿ ನೆಲದಲ್ಲಿ ನಡುಗುತ್ತ ಕೂತವಳನ್ನು ಕೃಷ್ಣವ್ವ ಕಂಡಳು. ಒಳಗೆ ಓಡಿ ಹೊಚ್ಚ ಹೊಸ ಬಿಳಿ ಚಾದರ ತಂದು ಹೊದಿಸಿ, ಚಹಾ ತರಲು ಹೋದಳು. ಮರಳಿ ಬಂದರೆ ಮಾಳವ್ವ ಇಲ್ಲ! ಕಲ್ಲಿನ ಮೇಲೆ ಚಾದರ ಮಡಚಿಟ್ಟಿತ್ತು.

ಕೃಷ್ಣವ್ವ ಹಣೆ ಹಣೆ ಬಡಿದುಕೊಂಡಳು. ಅಯ್ಯೋ, ಎಂಥ ಹುಚ್ಚು ಮುಂಡೇದು ತಾನು! ಹಟ್ಟಿಯಲ್ಲಿ ಹೊಸ ಬಿಳಿ ಬಟ್ಟೆ ಹೊದಿಸುವುದು ಹೆಣಕ್ಕೆ. ಆಸ್ಪತ್ರೆಯ ಬಿಳುಪಿನಲ್ಲಿ ಬದುಕಿ ಬದುಕಿ ಅದನ್ನೇ ಮರೆತಿದ್ದಳು. ಪೆಟ್ಟಿಗೆಯಿಂದ ತನ್ನ ತಾಯಿಯ ಕರಿ ಕಂಬಳಿ ಎಳೆದುಕೊಂಡು, ಇನ್ನೆಲ್ಲಿಗೆ ಹೋಗಿರುತ್ತಾಳೆ ಎಂದು ಹೊಳೆಯ ದಾರಿ ಹಿಡಿದು ಓಡಿದಳು.

ಕೃಷ್ಣಾ ಹೊಳೆಯ ಮೆಟ್ಟಿಲ ಮೇಲೆ, ಮೊಣಕಾಲುಮಟ ನೀರಿನಲ್ಲಿ ಮಾಳವ್ವ ನಿಂತಿದ್ದಳು.

“ನಿಂದರವ್ವಾ! ಮುಂದ ಹೋಗಬ್ಯಾಡ!”

“ಹೊದಿಸಿ ಆತಲ್ಲ, ಇನ್ನೇನು ಉಳದೈತಿ?”

“ತಪ್ಪಾತು ನಂದು. ನಮ್ಮವ್ವನ ಕಂಬಳಿ ತಂದೇನಿ. ಇದರ ಮ್ಯಾಲ ಕುಂತು ನನಗ ಹೊಟ್ಟಿತುಂಬ ಬೈ, ಬಾ.”

“ನಾ ಮುಟ್ಟಿದ್ರ ಅದನ್ನೂ ಸುಡತಾರ.”

“ಯಾಂವ ಸುಡತಾನ ನೋಡೇಬಿಡತೇನಿ!” ಕೃಷ್ಣವ್ವ ನೀರಿಗಿಳಿದು ಆ ಮೊಂಡು ಕೈಯನ್ನೇ ಹಿಡಿದು ಎಳೆತಂದು, ಕಂಬಳಿ ಹಾಸಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ದಮ್ಮು ಹತ್ತಿತ್ತು, ಆದರೂ ಹೇಳಿದಳು. “ನಿನ್ನಂಥಾಂವ ಒಬ್ಬ ಯೇಸುಸ್ವಾಮಿ ಮುಂದ ಬಂದು ಬಿದ್ದ. ಊರ ಮಂದಿ ಹಿಂದ ಸರದ್ರು. ಸ್ವಾಮಿ ಸರೀಲಿಲ್ಲ. ಮದಲ ಮುಟ್ಟಿದ, ಆಮ್ಯಾಲ ಗುಣಾ ಮಾಡಿದ.”

ಮಾಳವ್ವ ತನ್ನ ಮೊಂಡು ಬೆರಳುಗಳನ್ನು ನೋಡಿಕೊಂಡಳು. “ಹೇಸಿಗಿ ಬರಲಿಲ್ಲೇನು ಅವಂಗ?”

“ಇಲ್ಲವ್ವಾ.”

ಆಗ ಮಾಳವ್ವ ಗೊಳೋ ಎಂದು ಅತ್ತಳು. ಅತ್ತು ಮುಗಿಸಿ, “ಮುಂದ ಏನಾತು?” ಎಂದಳು.

“ಐತವಾರ ಚರ್ಚಿನ್ಯಾಗ ಹೇಳತೇನಿ, ನಿನ್ನ ಆಣಿ. ಅಲ್ಲೀತನ ಡಾಕ್ಟರ್ ಕೊಡೂ ಗುಳಿಗಿ ನುಂಗಬೇಕು ಮತ್ತ!”

“ಹೇಳಲಿಲ್ಲಂದ್ರ ಹೊಳಿ ಇಲ್ಲೇ ಐತಿ” ಎಂದಳು ಮಾಳವ್ವ. ಅದು ಚೇಷ್ಟೆಯ ಮಾತಾಗಿರಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಎಲ್ಲರಿಗಿಂತ ಮುಂದೆ ಕರಿ ಕಂಬಳಿ, ಅದರ ಮೇಲೆ ಮಾಳವ್ವ. ಕೃಷ್ಣವ್ವ ಕನ್ನಡದಲ್ಲಿ ಬಾಯಿ ತೆರೆದಳೋ ಇಲ್ಲವೋ, ಬಾಳಾಸಾಹೇಬರು ಎದ್ದು ಮರಾಠಿಯಲ್ಲಿ ಗದರಿದರು. ಮರಾಠಿಯಲ್ಲಿ ಹೇಳು, ಇಲ್ಲವೇ ಇವತ್ತೇ ಖೋಲಿ ಖಾಲಿ ಮಾಡು!

ಮಾಳವ್ವ ಏಳಲು ಹೋದಳು. “ನನ್ನ ಸಲುವಾಗಿ ಬ್ಯಾಡವ್ವಾ...”

ಕೃಷ್ಣವ್ವ ಅವಳ ಭುಜ ಒತ್ತಿ ಕೂರಿಸಿದಳು. ಸೊಂಟದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲೆ ಟಣ್ಣನೆ ಇಟ್ಟಳು. “ಖೋಲಿ ನಿಮ್ದು, ತಗೋರಿ. ಕತಿ ನಿಮ್ದಲ್ಲ. ಈಕಿಗೆ ತಿಳಿಯೂ ಮಾತಿನ್ಯಾಗ ಹೇಳತೇನಂತ ಆಣಿ ಮಾಡೇನಿ. ನೀವು ಹೆದರಿದ್ರೀ ಅಂತ ನಾ ಈಕೀನ ಹೊಳಿಗೆ ಕಳಸೂದಿಲ್ಲ.”

ಬಾಳಾಸಾಹೇಬರ ಮುಖ ಕೆಂಪಗಾಯಿತು. ದಾಪುಗಾಲು ಹಾಕಿಕೊಂಡು ಬಂದವರು ಕಂಬಳಿಯ ಅಂಚಿನಲ್ಲಿ ಗಕ್ಕನೆ ನಿಂತರು. ಮಾಳವ್ವ ತಲೆಯೆತ್ತಿ ಅವರನ್ನು ನೋಡಿದಳು. ನೋಡುತ್ತಲೇ ಒಂದಿಷ್ಟು ಸರಿದು, ಮೊಂಡು ಕೈಯಿಂದ ತನ್ನ ಪಕ್ಕದ ಜಾಗ ಸವರಿ ಸರಿ ಮಾಡಿದಳು.

“ಕುಂದ್ರಿ ಸಾಹೇಬ್ರ. ಸ್ವಾಮಿ ಮುಟ್ಟಿದ ಕತಿ ಐತಿ, ದೂರ ನಿಂತು ಕೇಳಬ್ಯಾಡ್ರಿ.”

ಬಾಳಾಸಾಹೇಬರು ಕೂರಲಿಲ್ಲ. ಹೋಗಲೂ ಆಗಲಿಲ್ಲ. ಕೃಷ್ಣವ್ವ ದನಿ ಏರಿಸಿ, ರಸ್ತೆಗೂ ಕೇಳುವಂತೆ, ಕನ್ನಡದಲ್ಲೇ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.