ಮೂಳೆ ಕೂಡಿಸುವವರ ನೀಲಿ ಚೀಲ

ದಪ್ಪನೆಯ ನೀಲಿ ಬಟ್ಟೆ ಒಂದೂವರೆ ಗಜ, ಒಂದು ಉಂಡೆ ದಾರ, ಬಾಯಿ ಕಟ್ಟಲು ಒಂದು ಲಾಡಿ, ಒಬ್ಬ ಹೆಂಗಸಿನ ಒಂದು ಮಧ್ಯಾಹ್ನ. ನನಗೆ ತಗಲಿದ ಖರ್ಚು ಇಷ್ಟೇ. ನಾನು ಒಂದು ಚೀಲ. ಜೋಳ ತುಂಬುವ ಚೀಲವಲ್ಲ, ಸಂತೆಗೆ ಹೋಗುವ ಚೀಲವೂ ಅಲ್ಲ. ಹುಬ್ಬಳ್ಳಿಯಲ್ಲಿ ಮೂಳೆ ಕೂಡಿಸುವ ಒಂದು ಚೀನೀ ಮನೆತನಕ್ಕೆ ನಾನೇ ಶಾಲೆ.

ನನ್ನನ್ನು ಹೊಲಿದವಳು ರೂತವ್ವ, ಬೆಟಗೇರಿಯ ನೇಕಾರರ ಮಗಳು. ಅವಳ ಗಂಡ ಲ್ಯೂ ವೆನ್ ಚೀನಾದಿಂದ ಹಡಗು ಹತ್ತಿ ಕಲ್ಕತ್ತೆಗೆ ಬಂದವರು. ಅಲ್ಲಿಂದ ಊರೂರು ತಿರುಗಿ, ಕೊನೆಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ನೆಲೆ ನಿಂತರು. ಭಾರ ಎತ್ತಿ ಭುಜದ ಕೀಲು ತಪ್ಪಿಸಿಕೊಂಡ ಕೆಲಸಗಾರರು, ಗರಡಿಯಲ್ಲಿ ಮೊಣಕೈ ಉಳುಕಿಸಿಕೊಂಡ ಪೈಲ್ವಾನರು ಅವರ ಬಾಗಿಲಿಗೆ ಬರುತ್ತಿದ್ದರು.

ಆ ಮನೆತನದ ಪಾಠ ಹೀಗೆ. ಬಿದಿರಿನ ಕೋಲೊಂದನ್ನು ಮುರಿದು, ತುಂಡುಗಳನ್ನು ನನ್ನೊಳಗೆ ಹಾಕಿ ಬಾಯಿ ಕಟ್ಟುತ್ತಾರೆ. ಕಲಿಯುವವರು ಹೊರಗಿನಿಂದಲೇ ತಡವಿ, ತುಂಡಿಗೆ ತುಂಡು ಹೊಂದಿಸಿ, ಕೋಲು ಮುರಿದೇ ಇಲ್ಲವೆನ್ನುವಂತೆ ಹಿಡಿದು ತೋರಿಸಬೇಕು. ನಾನು ಚರ್ಮ, ಬಿದಿರು ಮೂಳೆ.

ಮೊದಲು ಕಲಿತವನು ಮಗ ಶಾಮೂವೇಲ. ಅವನ ಹಿಡಿತ ಎಷ್ಟು ಬಿರುಸೆಂದರೆ ನನ್ನ ಹೊಲಿಗೆ ಬಿಚ್ಚಿತು. "ಮೂಳಿ ಕೂಡಸೂದು ಇರ್ಲಿ, ಮೊದ್ಲ ನನ್ನ ಚೀಲಾ ಉಳಸು ಮಾರಾಯಾ!" ಎಂದು ರೂತವ್ವ ಬೈಯುತ್ತ ತೇಪೆ ಹಾಕಿದಳು. ವರ್ಷಗಳಲ್ಲಿ ಆ ಕೈ ಮೆತ್ತಗಾಯಿತು. ತಂದೆ ತೀರಿಕೊಂಡ ಮೇಲೆ ಓಣಿಯವರಿಗೆ ಅವನೇ ಚೀನಿ ಡಾಕ್ಟರನಾದ.

ಅವನಿಗೆ ಒಬ್ಬಳೇ ಮಗಳು, ಸೂಲಾನ್. ಚುರುಕು ಬೆರಳಿನವಳು. "ಕೊಡಪಾ ಇಲ್ಲಿ, ನಿನ್ನ ಚಾ ಆರೂದ್ರಾಗ ಕೂಡಸ್ತೀನಿ" ಎನ್ನುತ್ತಿದ್ದಳು. ಹಾಗೆಯೇ ಕೂಡಿಸುತ್ತಿದ್ದಳು ಕೂಡ. ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ದಿನವೂ ಅದೇ ಕೋಲು. ಅದರ ಗೆಣ್ಣು ಎಲ್ಲಿ, ಸೀಳು ಎಲ್ಲಿ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಶಾಮೂವೇಲನಿಗೂ ಅನುಮಾನ ಬಂತು. ಒಂದು ದಿನ ನಡುವಿನ ತುಂಡನ್ನು ತೆಗೆದು ಬೇರೆ ಬಿದಿರಿನ ತುಂಡು ಸೇರಿಸಿದ. ಸೂಲಾನ್ ಎಂದಿನಂತೆ ಹೊಂದಿಸಿ "ಆತು" ಎಂದಳು. ಬಿಚ್ಚಿ ನೋಡಿದರೆ ಒಂದಕ್ಕೊಂದು ತಾಳೆಯಿಲ್ಲ.

"ನೀ ಕೂಡಿಸಿಲ್ಲವ್ವಾ, ನಿನ್ನಿ ಪಾಠ ಒಪ್ಪಿಸಿದಿ. ಮಂದಿ ಮೂಳಿ ದಿನಾ ಒಂದ ಥರಾ ಮುರೀತಾವೇನು? ನಾ ಹೇಳೂತನಕ ಯಾರನ್ನೂ ಮುಟ್ಟಬ್ಯಾಡ."

ಬಾಗಿಲಲ್ಲಿ ಕುಳಿತಿದ್ದ ಹಳೆಯ ಪೈಲ್ವಾನ ದಾವಲಸಾಬ ನಕ್ಕ. "ಸೂಲಾನವ್ವಾ, ನಾಳೆ ಚೀಲದಾಗ ಬೆಕ್ಕಿನ ಮರಿ ಇಟ್ಟರೂ 'ಆತು' ಅಂತಿ ನೀ!" ಅವಳು ನಗಲಿಲ್ಲ. ಅಪ್ಪನಿಗೆ ವಯಸ್ಸಾಗುತ್ತಿತ್ತು. ಅವಳ ಕೈ ಪಳಗದಿದ್ದರೆ ಈ ವಿದ್ಯೆ ಅವನೊಂದಿಗೇ ಮುಗಿಯುತ್ತಿತ್ತು.

ಅಂದಿನಿಂದ ದಿನಕ್ಕೊಂದು ಹೊಸ ಕೋಲು ಮುರಿದಳು. ಚಹಾ ಆರಿ ಕೆನೆಗಟ್ಟಿದರೂ ಅವಳ ಪಾಠ ಮುಗಿಯುತ್ತಿರಲಿಲ್ಲ. ಅವಳ ಬೆರಳು ಈಗ ಕೇಳತೊಡಗಿತ್ತು, ಒಳಗಿನ ಬಿದಿರು ಹೇಳತೊಡಗಿತ್ತು. ನಡುವೆ ನಾನು ಸುಖವಾಗಿದ್ದೆ.

ಅಪ್ಪನಿಂದ ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಶಾಮೂವೇಲ ಬಚ್ಚಲಲ್ಲಿ ಜಾರಿ ಬಿದ್ದ. ಬಲಗೈ ಮಣಿಕಟ್ಟು ಕ್ಷಣದಲ್ಲಿ ಊದಿಕೊಂಡಿತು. ನನ್ನೊಳಗೆ ಅರಳೆ ತುರುಕಿ ಕೈಗೆ ದಿಂಬು ಕೊಟ್ಟರು.

"ನೋಡು" ಎಂದು ಅವನು ಮಗಳ ಕಡೆ ಕೈ ಚಾಚಿದ.

"ನಾನಾ?"

"ಮತ್ತ ನಾನ ಎಡಗೈಲೆ ಕೂಡಿಸ್ಕೊಳ್ಳೇನು?"

ಅವಳು ಕಣ್ಣು ಮುಚ್ಚಿ ತಡವಿದಳು. ಬಹಳ ಹೊತ್ತು ತಡವಿದಳು. ಅವಳ ಬೆವರು ನನ್ನ ಮೇಲೆ ತೊಟ್ಟಿಕ್ಕಿತು.

"ಜಗ್ಗು, ಕೂಡತೈತಿ" ಎಂದ ಅಪ್ಪ, ಹಲ್ಲು ಕಚ್ಚಿ.

"ಜಗ್ಗಂಗಿಲ್ಲಪಾ. ಒಂದ ಕಡೆ ಮುರದಿಲ್ಲ ಇದು. ಒಳಗ ಚೂರೊಂದು ಅಡ್ಡ ಕುಂತೈತಿ. ಜಗ್ಗಿದ್ರ ನರಕ್ಕ ಚುಚ್ಚತೈತಿ. ದವಾಖಾನಿಗೆ ಹೋಗೂಣು."

ಸದ್ದು ಕೇಳಿ ಓಡಿ ಬಂದಿದ್ದ ದಾವಲಸಾಬ ಬೆಚ್ಚಿದ. "ಚೀನಿ ಡಾಕ್ಟರ್ ಮನಿಯವ್ರು ದವಾಖಾನಿಗೆ? ಓಣಿ ಮಂದಿ ನಗ್ತಾರವ್ವಾ!"

"ನಗಲಿ ಕಾಕಾ. ಕೈ ನಮ್ಮಪ್ಪಂದು. ನೀ ಆಟೋ ಕರಿ."

ಶಾಮೂವೇಲ ಮಗಳ ಮುಖ ನೋಡಿದ. ಎದ್ದು ನಿಂತ. ಅವಳು ಕೈಯನ್ನು ಇದ್ದಂತೆಯೇ ಇಟ್ಟು, ಬಿದಿರಿನ ದಬ್ಬೆ ಕಟ್ಟಿ ಕರೆದೊಯ್ದಳು. ಎಕ್ಸ್‌ರೇಯಲ್ಲಿ ಆ ಚೂರು ಕಂಡಿತಂತೆ. ಡಾಕ್ಟರು ಆಪರೇಷನ್ ಮಾಡಿ ಅದನ್ನು ಸರಿಪಡಿಸಿದರು.

ಅವರು ಮನೆಗೆ ಮರಳಿದ ಮೇಲೆ ವರ್ಕ್‌ಶಾಪಿನ ಫಿಟ್ಟರೊಬ್ಬ ಕೀಲು ತಪ್ಪಿದ ಬೆರಳು ಹಿಡಿದುಕೊಂಡು ಬಂದ. ಶಾಮೂವೇಲ ಎಡಗೈ ಎತ್ತಿ ಮಗಳತ್ತ ತೋರಿಸಿದ. "ಅಕಿ ಮುಂದ ಕೂಡ್ರಪಾ. ಯಾವುದನ್ನ ಜಗ್ಗಬೇಕು, ಯಾವುದನ್ನ ಜಗ್ಗಬಾರ್ದು, ಅಕಿಗೆ ಗೊತ್ತೈತಿ."

ಈಗ ನಾನು ಸವೆದು ಹೋಗಿದ್ದೇನೆ. ಪಾಠಕ್ಕೆ ಹೊಸ ಚೀಲ ಬಂದಿದೆ. ನಾನು ಅರಳೆಯ ದಿಂಬಾಗಿ ಬೆಂಚಿನ ಮೇಲೆ ಉಳಿದಿದ್ದೇನೆ. ನೋವಿನ ಕೈಗಳು ಬಂದು ನನ್ನ ಮೇಲೆ ಒರಗುತ್ತವೆ. ಬೇಸರವೇನೂ ಇಲ್ಲ. ಶಾಮೂವೇಲನ ಬಲಗೈ ಈಗ ರೊಟ್ಟಿ ಮುರಿಯುತ್ತದೆ, ಅಂಗಿ ಗುಂಡಿ ಹಾಕುತ್ತದೆ. ಮೂಳೆ ಕೂಡಿಸುವ ಬಲ ಮಾತ್ರ ತಿರುಗಿ ಬರಲಿಲ್ಲ. ಈ ಮನೆ ಕಳೆದುಕೊಂಡದ್ದು ಅದೊಂದು ಕೈ. ಗಳಿಸಿದ್ದು ಸೂಲಾನಳ ಎರಡು ಕೈ.